ಫೌಂಡೇಶನ್ನಿನ 96 ಲಕ್ಷ ಖರ್ಚು, ನಿಜಕ್ಕೂ ಎಷ್ಟು?

ಪ್ರಶ್ನೆ: ನಾನು ಅಂಧೇರಿಯ ಒಂದು ಪ್ಯಾಕೇಜಿಂಗ್ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ಊರು ಕುಂದಾಪುರ ಕಡೆ. ಕಂಪನಿ ಕೆಲವು ವರ್ಷದ ಹಿಂದೆ ಒಂದು ಚಾರಿಟೇಬಲ್ ಫೌಂಡೇಶನ್ ಮಾಡಿತು. ಮುಂಬೈಯಲ್ಲೇ ನೋಂದಣಿಯಾದ ಪಬ್ಲಿಕ್ ಟ್ರಸ್ಟ್, ಟ್ರಸ್ಟಿನ ತೆರಿಗೆ ವಿನಾಯಿತಿಗೆ ಬೇಕಾದ 12ಎಬಿ, ದೇಣಿಗೆ ಕೊಟ್ಟವರಿಗೆ ಕಡಿತ ಕೊಡಿಸುವ 80ಜಿ, ಎರಡೂ ಇವೆ. ಈಗ ಅದರ ಲೆಕ್ಕವೂ ನನ್ನ ತಲೆಗೆ ಬಂದಿದೆ. 2025-26ರಲ್ಲಿ ಕಂಪನಿಯ ಸಿಎಸ್‌ಆರ್ (ಕಾನೂನಿನಂತೆ ಸಮಾಜದ ಕೆಲಸಕ್ಕೆ ಕೊಡಬೇಕಾದ) ದುಡ್ಡು 1 ಕೋಟಿ, ನೌಕರರ ದೇಣಿಗೆ 4 ಲಕ್ಷ, ಬ್ಯಾಂಕ್ ಬಡ್ಡಿ 6 ಲಕ್ಷ ಬಂತು. 96 ಲಕ್ಷ ಖರ್ಚಾಯಿತು. ಶೇ. 85 ದಾಟಿದೆ, ಅಂದರೆ ತೆರಿಗೆ ಇಲ್ಲ ಅಲ್ವಾ? ಸುಮ್ನೆ ಟ್ರಸ್ಟಿನ ರಿಟರ್ನ್ ಐಟಿಆರ್-7 ಹಾಕಿದರೆ ಸಾಕಾ? ಉಳಿದ 14 ಲಕ್ಷವನ್ನು ಕಾರ್ಪಸ್ (ಖರ್ಚು ಮಾಡದೆ ಇಡುವ ಮೂಲನಿಧಿ) ಎಂದು ತೋರಿಸಿಬಿಡಿ ಎನ್ನುತ್ತಾರೆ ನಮ್ಮ ಡೈರೆಕ್ಟರ್ ಒಬ್ಬರು. ಮಾಡಬಹುದೇ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಮಾಡಬೇಡಿ. ಯಾಕೆ ಅಂತ ಮುಂದೆ ಬರುತ್ತದೆ.

ನೀವು ಕೊಟ್ಟ ಅಂಕಿಗಳನ್ನು ಮೂರು ಸಲ ಓದಿದೆ. ನಿಮ್ಮ ಕೂಡಿಸುವುದು ಕಳೆಯುವುದರಲ್ಲಿ ತಪ್ಪಿಲ್ಲ. ತಪ್ಪಿರುವುದು ‘ಖರ್ಚು’ ಎನ್ನುವ ಒಂದು ಪದದಲ್ಲಿ. ಕಂಪನಿ ಫೌಂಡೇಶನ್ನಿಗೆ ಈ ಪದವನ್ನು ಮೂರು ಕಡೆಯವರು ಕೇಳುತ್ತಾರೆ: ಆದಾಯ ತೆರಿಗೆಯವರು, ಕಂಪನಿ ಕಾಯ್ದೆಯವರು, ವರ್ಲಿಯ ಚಾರಿಟಿ ಕಮಿಷನರ್ ಕಚೇರಿಯವರು. ಮೂವರಿಗೂ ಅದರ ಅರ್ಥ ಬೇರೆ ಬೇರೆ. ನೀವು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಿಂದ ಒಂದು ಅಂಕಿ ತೆಗೆದು ಮೂವರಿಗೂ ಅದನ್ನೇ ಬಡಿಸಲು ಹೊರಟಿದ್ದೀರಿ. ಎಡವಟ್ಟಾಗುವುದು ಅಲ್ಲೇ.

ಮೊದಲು ತೆರಿಗೆ ಲೆಕ್ಕ. ಒಟ್ಟು ಬಂದದ್ದು 1 ಕೋಟಿ 10 ಲಕ್ಷ. ಅದರ ಶೇ. 85 ಎಂದರೆ 93.50 ಲಕ್ಷ. ಇಷ್ಟನ್ನು ಧರ್ಮಕಾರ್ಯಕ್ಕೆ ಬಳಸಿರಬೇಕು. ಉಳಿದ ಶೇ. 15, ಅಂದರೆ 16.50 ಲಕ್ಷ, ಯಾವ ಅರ್ಜಿಯೂ ಇಲ್ಲದೆ ಇಟ್ಟುಕೊಳ್ಳಬಹುದು. ನಿಮ್ಮದು 96 ಲಕ್ಷ. ಎರಡೂವರೆ ಲಕ್ಷ ಜಾಸ್ತಿಯೇ ಆಯಿತಲ್ಲ ಎಂದು ನಿಮಗೆ ಅನಿಸಿದೆ. ಈಗ ನೀವು ಕಳುಹಿಸಿದ ಲೆಡ್ಜರ್ ತೆಗೆಯೋಣ.

ಅಲ್ಲಿ ಒಂದು ಸಾಲು ಹೀಗಿದೆ: ‘ಶಾಲಾ ಕಟ್ಟಡಕ್ಕೆ ಬೇರೆ ಟ್ರಸ್ಟಿಗೆ ನೆರವು, 20 ಲಕ್ಷ’. ಮೊದಲೆಲ್ಲ ಇದು ಪೂರ್ತಿ ಖರ್ಚೆಂದೇ ನಡೆಯುತ್ತಿತ್ತು. 2023ರ ಹಣಕಾಸು ಕಾಯ್ದೆ ಅದನ್ನು ಬದಲಾಯಿಸಿತು. ನೋಂದಾಯಿತ ಇನ್ನೊಂದು ಟ್ರಸ್ಟಿಗೆ ಕೊಟ್ಟ ದುಡ್ಡಿನಲ್ಲಿ ಶೇ. 85 ಮಾತ್ರ ನಿಮ್ಮ ಖರ್ಚು. ಇಪ್ಪತ್ತರಲ್ಲಿ ಹದಿನೇಳು ಲಕ್ಷ ಹಿಡಿಯುತ್ತದೆ, ಮೂರು ಲಕ್ಷ ಹಿಡಿಯುವುದಿಲ್ಲ. ಒಂದು ಟ್ರಸ್ಟು ಇನ್ನೊಂದಕ್ಕೆ ಕೊಟ್ಟು, ಅದು ಮತ್ತೊಂದಕ್ಕೆ ಕೊಟ್ಟು, ಪ್ರತಿ ಮೆಟ್ಟಿಲಲ್ಲೂ ಶೇ. 15 ಉಳಿಸಿಕೊಳ್ಳುವ ಆಟ ನಿಲ್ಲಲಿ ಎಂದು ಹೀಗೆ ಮಾಡಿದರು. ಆಟ ಆಡದವರಿಗೂ ಪೆಟ್ಟು ಬಿತ್ತು, ಅದು ಬೇರೆ ಮಾತು.

ಎರಡನೆಯದು ಕಂಪ್ಯೂಟರ್ ಬಿಲ್. ಪಾಲಿಕೆಯ ಕನ್ನಡ ಶಾಲೆಗೆ ಕೊಟ್ಟ ಕಂಪ್ಯೂಟರುಗಳು, 5 ಲಕ್ಷ. ಬಿಲ್ಲಿನ ತಾರೀಕು ಮಾರ್ಚ್ 27. ದುಡ್ಡು ಹೋದದ್ದು ಏಪ್ರಿಲ್ 9ಕ್ಕೆ. ಕಂಪನಿಯ ಅಭ್ಯಾಸದಲ್ಲಿ ನೀವು ಅದನ್ನು ಮಾರ್ಚಿನ ಖರ್ಚಿಗೆ ಹಾಕಿ, ಎದುರಿಗೆ ಬಾಕಿ ತೋರಿಸಿದ್ದೀರಿ. ಕಂಪನಿಗೆ ಅದು ಸರಿ. ಟ್ರಸ್ಟಿಗೆ ತೆರಿಗೆ ಕಾಯ್ದೆ ಹೇಳುವುದು ಒಂದೇ: ಕೈಬಿಟ್ಟು ಹೋದ ದುಡ್ಡು ಮಾತ್ರ ಖರ್ಚು. ಕೊಡಬೇಕಾದದ್ದು ಖರ್ಚಲ್ಲ. ಆ 5 ಲಕ್ಷ ಮುಂದಿನ ವರ್ಷಕ್ಕೆ ಹೋಯಿತು. ಕಂಪನಿ ಲೆಕ್ಕದಿಂದ ಟ್ರಸ್ಟ್ ಲೆಕ್ಕಕ್ಕೆ ಬಂದವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ನಾನೂ ಸಿಎ ತರಬೇತಿಯ ಆರ್ಟಿಕಲ್‌ಶಿಪ್ ಕಾಲದಲ್ಲಿ ಇದೇ ತಪ್ಪು ಮಾಡಿ, ಮಾಟುಂಗದ ಆಫೀಸಿನಲ್ಲಿ ಎಲ್ಲರ ಎದುರಿಗೆ ಬೈಸಿಕೊಂಡಿದ್ದೇನೆ.

ಮೂರನೆಯದು ಶಾಲೆಗಳಿಗೆ ಬಣ್ಣ ಹೊಡೆಸಿದ ಕಾಂಟ್ರಾಕ್ಟರಿಗೆ ಕೊಟ್ಟ 4 ಲಕ್ಷ. ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿದಿಲ್ಲ. ‘ಧರ್ಮದ ಕೆಲಸ ಅಲ್ವಾ, ಟಿಡಿಎಸ್ ಯಾಕೆ’ ಎಂದು ಯಾರೋ ಹೇಳಿರಬೇಕು. ಧರ್ಮ ನಿಮ್ಮದು, ಕಾಂಟ್ರಾಕ್ಟರನಿಗೆ ಅದು ವ್ಯಾಪಾರ. ಹಿಡಿಯದಿದ್ದರೆ ಶೇ. 30 ಭಾಗ, ಅಂದರೆ 1.20 ಲಕ್ಷ, ಲೆಕ್ಕಕ್ಕೆ ಸಿಗುವುದಿಲ್ಲ. ಅದರ ಕೆಳಗೇ ಮಕ್ಕಳ ಪ್ರವಾಸದ ಬಸ್ಸಿನವರಿಗೆ ಒಂದೇ ದಿನ 30,000 ನಗದು ಕೊಟ್ಟ ವೋಚರ್ ಇದೆ. ಒಬ್ಬರಿಗೆ ಒಂದು ದಿನಕ್ಕೆ 10,000 ದಾಟಿದ ನಗದು ಪೂರ್ತಿ ಹೋಯಿತು.

ಈಗ ಕಳೆಯಿರಿ. 96ರಲ್ಲಿ 3 ಹೋಯಿತು, 5 ಹೋಯಿತು, ಒಂದೂವರೆ ಹೋಯಿತು. ಉಳಿದದ್ದು 86.50 ಲಕ್ಷ. ಬೇಕಾದದ್ದು 93.50. ಎರಡೂವರೆ ಲಕ್ಷ ಜಾಸ್ತಿ ಎಂದುಕೊಂಡಿದ್ದ ಕಡೆ 7 ಲಕ್ಷ ಕಡಿಮೆ ಬಿದ್ದಿದೆ. ಏನೂ ಮಾಡದೆ ಕೂತರೆ ಆ 7 ಲಕ್ಷಕ್ಕೆ ಶೇ. 30ರಂತೆ 2.10 ಲಕ್ಷ ತೆರಿಗೆ, ಮೇಲೆ ಶೇ. 4 ಸೆಸ್.

ಗಾಬರಿ ಬೇಡ, ದಾರಿ ಇದೆ. ಫಾರ್ಮ್ 9ಎ ಹಾಕಿದರೆ ಈ ಕೊರತೆಯನ್ನು ಮುಂದಿನ ವರ್ಷದೊಳಗೆ ಖರ್ಚು ಮಾಡುತ್ತೇವೆ ಎಂದು ಬರೆದುಕೊಟ್ಟ ಹಾಗೆ. ಏಪ್ರಿಲ್ 9ಕ್ಕೆ ಕೊಟ್ಟ ಕಂಪ್ಯೂಟರ್ ದುಡ್ಡು ಅದಕ್ಕೇ ಸರಿಹೊಂದುತ್ತದೆ, ಇನ್ನೆರಡು ಲಕ್ಷ 2026-27ರಲ್ಲಿ ಖರ್ಚು ಮಾಡಿದರಾಯಿತು. ಆದರೆ ಅದೇ 5 ಲಕ್ಷವನ್ನು 2026-27ರ ಶೇ. 85ಕ್ಕೂ ಮತ್ತೆ ಎಣಿಸುವಂತಿಲ್ಲ. ಇನ್ನೊಂದು ದಾರಿ ಫಾರ್ಮ್ 10: ಇಂಥದೇ ಕೆಲಸಕ್ಕೆ ಎಂದು ಹೆಸರು ಹೇಳಿ ಐದು ವರ್ಷದವರೆಗೆ ಕೂಡಿಡುವುದು. ಅಲ್ಲಿ ಸುಮ್ನೆ ‘ಟ್ರಸ್ಟಿನ ಉದ್ದೇಶಗಳಿಗಾಗಿ’ ಎಂದು ಬರೆದರೆ ತಕರಾರು ಬರುತ್ತದೆ. ಆ ದುಡ್ಡು ಕಾಯ್ದೆ ಹೇಳಿದ ಕಡೆಯೇ, ಬ್ಯಾಂಕ್ ಎಫ್‌ಡಿಯಂಥದ್ದರಲ್ಲಿ ಇರಬೇಕು. ಕೂಡಿಟ್ಟದ್ದನ್ನು ಬೇರೆ ಟ್ರಸ್ಟಿಗೆ ಕೊಡುವ ಹಾಗಿಲ್ಲ. ನಿಮ್ಮ ಮೊತ್ತಕ್ಕೆ ನನ್ನ ಮತ 9ಎ ಕಡೆಗೆ. ಎರಡಕ್ಕೂ ಕೊನೆಯ ದಿನ ಆಗಸ್ಟ್ 31. ರಿಟರ್ನಿನ ಜೊತೆ ಅಕ್ಟೋಬರಿನಲ್ಲಿ ಹಾಕೋಣ ಎಂದು ಕೂರಬೇಡಿ. ಹಾಗೆ ಕೂತು ಅಡ್ಡಬಿದ್ದ ಟ್ರಸ್ಟುಗಳನ್ನು ಪ್ರತಿ ವರ್ಷ ನೋಡುತ್ತೇನೆ.

ಇದು ಒಬ್ಬರ ಲೆಕ್ಕ. ಎರಡನೆಯವರದು ಇದಕ್ಕಿಂತ ತೀಕ್ಷ್ಣ.

ನಿಮ್ಮ ಕಂಪನಿಯ ಮೂರು ವರ್ಷದ ಸರಾಸರಿ ಲಾಭ 50 ಕೋಟಿಯ ಹತ್ತಿರ ಎಂದು ಬರೆದಿದ್ದೀರಿ. ಅದರ ಶೇ. 2, ಅಂದರೆ 1 ಕೋಟಿ, ಸಿಎಸ್‌ಆರ್‌ಗೆ ಹೋಗಬೇಕು. ಕಂಪನಿ ಕಾಯ್ದೆ 2013ರ 135ನೇ ಕಲಮು. ಕಂಪನಿ ಆ 1 ಕೋಟಿಯನ್ನು ಫೌಂಡೇಶನ್ ಖಾತೆಗೆ ಹಾಕಿ, ತನ್ನ ಪುಸ್ತಕದಲ್ಲಿ ‘ಖರ್ಚಾಯಿತು’ ಎಂದು ಬರೆದುಕೊಂಡಿದೆ. ಇದೇ ದೊಡ್ಡ ತಪ್ಪು. ಫೌಂಡೇಶನ್ನಿಗೆ ಕಳುಹಿಸಿದರೆ ಖರ್ಚಾದಂತಲ್ಲ, ಫೌಂಡೇಶನ್ ಕೆಲಸಕ್ಕೆ ಬಳಸಿದಾಗ ಮಾತ್ರ ಖರ್ಚು. ಬಳಕೆಯಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು (ಸಿಎಫ್‌ಒ) ಸಹಿ ಹಾಕಿ ದೃಢೀಕರಿಸಬೇಕು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಆಗಬಾರದು ಎಂದೇ ಈ ನಿಯಮ. ಕಂಪನಿಯ ಆಡಿಟರ್ ನಿಮ್ಮನ್ನು ಮತ್ತೆ ಮತ್ತೆ ಕೇಳುತ್ತಿರುವ ಬಳಕೆ ಪ್ರಮಾಣಪತ್ರ ಇದಕ್ಕೇ. ಅವರಿಗೆ ಬೇಸರ ಮಾಡಿಕೊಳ್ಳಬೇಡಿ.

ನೌಕರರ ದೇಣಿಗೆ ಮತ್ತು ಬಡ್ಡಿಯ 10 ಲಕ್ಷವನ್ನು ಆಫೀಸ್ ಬಾಡಿಗೆ, ಸಂಬಳಕ್ಕೆ ಹಾಕಿದ್ದೀರಿ. ಹಾಗಾಗಿ ಸಿಎಸ್‌ಆರ್ ದುಡ್ಡಿನಲ್ಲಿ ಬಳಕೆಯಾದದ್ದು 86 ಲಕ್ಷ. 14 ಲಕ್ಷ ಫೌಂಡೇಶನ್ ಖಾತೆಯಲ್ಲೇ ಮಲಗಿದೆ. ಈಗ ಕಂಪನಿಯ ಬೋರ್ಡ್ ಸಭೆಯ ನಡಾವಳಿ ಪುಸ್ತಕ ತೆಗೆಸಿ ನೋಡಿ. ಆ 14 ಲಕ್ಷದ ಕೆಲಸ ‘ಮುಂದುವರಿಯುವ ಯೋಜನೆ’ ಎಂದು ಬೋರ್ಡ್ ತೀರ್ಮಾನಿಸಿತ್ತೇ? ತೀರ್ಮಾನಿಸಿದ್ದರೆ, ವರ್ಷ ಮುಗಿದ 30 ದಿನದೊಳಗೆ, ಅಂದರೆ ಏಪ್ರಿಲ್ 30ರೊಳಗೆ, ಅಷ್ಟು ದುಡ್ಡು ಕಂಪನಿ ತೆರೆದ ವಿಶೇಷ ಖಾತೆಗೆ ಹೋಗಿರಬೇಕಿತ್ತು. ಅದಕ್ಕೆ ‘ಅನ್‌ಸ್ಪೆಂಟ್ ಸಿಎಸ್‌ಆರ್ ಅಕೌಂಟ್’ ಎನ್ನುತ್ತಾರೆ. ಅಲ್ಲಿಂದ ಮೂರು ಹಣಕಾಸು ವರ್ಷದೊಳಗೆ ಖರ್ಚು ಮಾಡಬಹುದು. ಹಾಗೆ ತೀರ್ಮಾನಿಸಿಲ್ಲದಿದ್ದರೆ ಸೆಪ್ಟೆಂಬರ್ 30ರೊಳಗೆ ಪಿಎಂ ಕೇರ್ಸ್, ಪ್ರಧಾನಮಂತ್ರಿ ಪರಿಹಾರ ನಿಧಿ, ಸ್ವಚ್ಛ ಭಾರತ ಕೋಶದಂಥ, ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಿನ ನಿಧಿಗೆ ಕಟ್ಟಬೇಕು.

ನೀವು ಇದನ್ನು ಓದುವ ಹೊತ್ತಿಗೆ ಏಪ್ರಿಲ್ 30 ದಾಟಿದೆ. ಮೊದಲನೇ ಸಾಲಿಗೆ ಸೇರಿದ್ದರೆ ಈಗಲಾದರೂ ಕಟ್ಟಿಸಿ. ಕಟ್ಟದಿದ್ದರೆ ದಂಡ ಆ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು. ನಿಮ್ಮ ಲೆಕ್ಕಕ್ಕೆ 28 ಲಕ್ಷ. ಹೊಣೆಗಾರ ಅಧಿಕಾರಿಗಳಿಗೆ ತಲಾ ಆ 14 ಲಕ್ಷದ ಹತ್ತನೇ ಒಂದು ಭಾಗ, 1.40 ಲಕ್ಷ. ಇದನ್ನು ಹೇಳಿದರೆ ನಿಮ್ಮ ಡೈರೆಕ್ಟರ್ ಬೇಗ ಎದ್ದು ಕೂರುತ್ತಾರೆ.

ಗಮನಿಸಿದಿರಾ, ಇಲ್ಲಿ ಎರಡು ಕಾಯ್ದೆಗಳು ಎದುರುಬದುರು ನಿಂತಿವೆ. ತೆರಿಗೆ ಕಾಯ್ದೆ ‘ಶೇ. 15 ಇಟ್ಟುಕೋ, ಬೇಕಾದರೆ ಐದು ವರ್ಷ ಕೂಡಿಡು’ ಎನ್ನುತ್ತದೆ. ಕಂಪನಿ ಕಾಯ್ದೆ ‘ಒಂದು ರೂಪಾಯಿಯೂ ಇಟ್ಟುಕೊಳ್ಳಬೇಡ’ ಎನ್ನುತ್ತದೆ. ಫಾರ್ಮ್ 10 ಹಾಕಿದ್ದೇವಲ್ಲ ಎಂದು ಕಂಪನಿ ಕಡೆ ನೆಮ್ಮದಿಯಾಗಿ ಕೂತರೆ ಆ ಕಾಗದ ಅಲ್ಲಿ ಮೂರು ಕಾಸಿಗೂ ಬಾರದು. ಸಿಎಸ್‌ಆರ್ ದುಡ್ಡಿನ ಮಟ್ಟಿಗೆ ಬಿಗಿಯಾದ ನಿಯಮವೇ ಗೆಲ್ಲುತ್ತದೆ ಎಂದಿಟ್ಟುಕೊಳ್ಳಿ.

ಕಾರ್ಪಸ್ ಮಾತು ಈಗ ನಿಮಗೇ ಅರ್ಥವಾಗಿರಬೇಕು. ತೆರಿಗೆ ಕಡೆ ನೋಡಿದರೆ ಕಾರ್ಪಸ್ ಎಂದು ಬರೆದುಕೊಟ್ಟ ದೇಣಿಗೆಗೆ ಶೇ. 85ರ ಕಾಟವಿಲ್ಲ, ಪ್ರತ್ಯೇಕವಾಗಿ ಹೂಡಿಟ್ಟರೆ ಆಯಿತು. ಡೈರೆಕ್ಟರ್ ಅವರಿಗೆ ಹೊಳೆದದ್ದು ಅದೇ. ಆದರೆ 2021ರ ಜನವರಿ 22ರಿಂದ ಕಾರ್ಪಸ್‌ಗೆ ಕೊಟ್ಟದ್ದು ಸಿಎಸ್‌ಆರ್ ಖರ್ಚೇ ಅಲ್ಲ. ಹಾಗೆ ರಸೀದಿ ಬರೆದರೆ ಫೌಂಡೇಶನ್ ಬಚಾವಾಗಿ ಕಂಪನಿ ಸಿಕ್ಕಿಬೀಳುತ್ತದೆ. ಅಲ್ಲದೆ ಕಾರ್ಪಸ್ ಎನ್ನುವುದು ಕೊಡುವವರು ಕೊಡುವಾಗ ಬರೆದುಕೊಡುವ ಮಾತು. ವರ್ಷ ಮುಗಿದ ಮೇಲೆ ತೆಗೆದುಕೊಂಡವರು ಹಚ್ಚುವ ಚೀಟಿಯಲ್ಲ.

ಬಡ್ಡಿಯ ಬಗ್ಗೆಯೂ ಒಂದು ಮಾತು. 6 ಲಕ್ಷ ಬಡ್ಡಿಯಲ್ಲಿ ಸಿಎಸ್‌ಆರ್ ದುಡ್ಡು ಎಫ್‌ಡಿಯಲ್ಲಿ ಕೂತು ಹುಟ್ಟಿದ್ದು ಎಷ್ಟು? ಆ ಭಾಗ ನಿಮ್ಮ ಸ್ವಂತದ್ದಲ್ಲ. ಅದೂ ಅದೇ ಯೋಜನೆಗೆ ಹೋಗಬೇಕು, ಇಲ್ಲವೇ ಆ ವಿಶೇಷ ಖಾತೆಗೋ ನಿಧಿಗೋ. ಆಫೀಸ್ ಬಾಡಿಗೆಗೆ ಹಾಕಿದ್ದನ್ನು ಮರಳಿ ಹೊಂದಿಸಬೇಕಾಗುತ್ತದೆ. ಮುಂದಿನ ವರ್ಷದಿಂದ ಸಿಎಸ್‌ಆರ್‌ಗೆ ಬೇರೆ ಬ್ಯಾಂಕ್ ಖಾತೆ ಇಡಿ, ಮತ್ತು ಕಂಪನಿಯಿಂದ ಒಟ್ಟಿಗೆ 1 ಕೋಟಿ ತರಿಸಿಕೊಳ್ಳಬೇಡಿ. ಕೆಲಸ ನಡೆದಂತೆ ಕಂತಿನಲ್ಲಿ ತರಿಸಿ. ಈ ತಲೆನೋವಿನ ಮುಕ್ಕಾಲು ಭಾಗ ಮಾರ್ಚ್ ಕೊನೇ ವಾರದಲ್ಲಿ ಬರುವ ದೊಡ್ಡ ಚೆಕ್ಕಿನಿಂದ ಹುಟ್ಟುವುದು.

14 ಲಕ್ಷವನ್ನು ಕಂಪನಿಗೆ ಹಿಂದಿರುಗಿಸಿದರೆ ತೆರಿಗೆ ಲೆಕ್ಕ ಏನಾಗುತ್ತದೆ ಎಂದು ನೀವು ಕೇಳುತ್ತೀರಿ. ಒಪ್ಪಂದ ಪತ್ರದಲ್ಲಿ ‘ಬಳಸದ ದುಡ್ಡು ವಾಪಸ್’ ಎಂಬ ಷರತ್ತು ಇದ್ದರೆ, ಅದು ನಿಮ್ಮ ಆದಾಯವೇ ಅಲ್ಲ ಎಂದು ವಾದಿಸಬಹುದು. ಆಗ ಆದಾಯ 96 ಲಕ್ಷ, ಅದರ ಶೇ. 85 ಎಂದರೆ 81.60 ಲಕ್ಷ, ನಿಮ್ಮ 86.50 ಅದನ್ನು ದಾಟುತ್ತದೆ. ಕೊರತೆಯೇ ಇಲ್ಲ! ಆದರೆ ಇದು ವಾದ. ಅಧಿಕಾರಿ ಒಪ್ಪಲೇಬೇಕೆಂದಿಲ್ಲ. ಮೋಡ ಇರಲಿ ಇಲ್ಲದಿರಲಿ, ಜೂನಿನಲ್ಲಿ ದಾದರ್ ಸ್ಟೇಷನ್ನಿಗೆ ಕೊಡೆ ಹಿಡಿದೇ ಹೋಗುತ್ತೀರಲ್ಲ, ಹಾಗೆ 9ಎ ಹಾಕಿಯೇ ಇಡಿ. ಕಂಪನಿಗೆ ಕೊಟ್ಟ ರಸೀದಿ, ನೀವು ಇಲಾಖೆಗೆ ಸಲ್ಲಿಸಿದ ದೇಣಿಗೆ ಪಟ್ಟಿ, ಎರಡರಲ್ಲೂ ಮೊತ್ತ ಸರಿಪಡಿಸಬೇಕು ಎನ್ನುವುದು ನೆನಪಿರಲಿ.

ಆ ಪಟ್ಟಿಯೇ ಫಾರ್ಮ್ 10ಬಿಡಿ. ಪ್ರತಿ ವರ್ಷ ಮೇ 31ರೊಳಗೆ ಹೋಗಬೇಕು, ತಡವಾದರೆ ದಿನಕ್ಕೆ 200 ರೂಪಾಯಿ. ಅದರಿಂದ ಇಳಿಯುವ 10ಬಿಇ ಪ್ರಮಾಣಪತ್ರ ಇಲ್ಲದೆ ದೇಣಿಗೆ ಕೊಟ್ಟವರಿಗೆ 80ಜಿ ಕಡಿತ ಸಿಗದು. ನಿಮ್ಮ ನೌಕರರ 4 ಲಕ್ಷದ ಸಾಲನ್ನು ಇಲ್ಲಿ ಹತ್ತಿರದಿಂದ ನೋಡಿದೆ. 160 ಜನ ತಲಾ 2,500 ಕೊಟ್ಟಿದ್ದಾರೆ. ಸಂಬಳದಿಂದ ಕಡಿದು ಕಂಪನಿ ಒಂದೇ ಚೆಕ್ ಕೊಟ್ಟಿದೆ. ನೀವು 10ಬಿಡಿಯಲ್ಲಿ ಕಂಪನಿಯ ಪ್ಯಾನ್ ಹಾಕಿ ಒಂದೇ ಸಾಲಿನಲ್ಲಿ 4 ಲಕ್ಷ ಎಂದು ಮುಗಿಸಿದ್ದೀರಿ. ಆ ದುಡ್ಡು ಕಂಪನಿಯದಲ್ಲ, 160 ಜನರದು. 160 ಸಾಲು ಬರಬೇಕು, 160 ಪ್ಯಾನ್ ಬೇಕು. ಈಗ ತಿದ್ದುಪಡಿ ಪಟ್ಟಿ ಹಾಕಿ. ಬೇಸರದ ಕೆಲಸ, ಒಪ್ಪುತ್ತೇನೆ. ಭಿವಂಡಿ ಫ್ಯಾಕ್ಟರಿಯ ಪ್ಯಾಕಿಂಗ್ ಲೈನಿನಲ್ಲಿ ನಿಂತು 2,500 ಕೊಟ್ಟವನ ಹೆಸರು ಎಲ್ಲೂ ಇಲ್ಲದಂತಾಗುವುದು ಅದಕ್ಕಿಂತ ಬೇಸರ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡ ನೌಕರರಿಗೆ 80ಜಿ ಲಾಭ ಹೇಗೂ ಇಲ್ಲ, ಅದನ್ನು ಮೊದಲೇ ತಿಳಿಸಿ. ಇಲ್ಲದಿದ್ದರೆ ಜುಲೈನಲ್ಲಿ ನಿಮ್ಮ ಫೋನ್ ನಿಲ್ಲುವುದಿಲ್ಲ.

ಚಾರಿಟಿ ಕಮಿಷನರ್ ವಿಷಯ ಅಷ್ಟು ಕಷ್ಟದ್ದಲ್ಲ, ಆದರೆ ಜನ ಮರೆಯುವುದು ಅದನ್ನೇ. 1950ರ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆಯ ಪ್ರಕಾರ ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ, ಆರು ತಿಂಗಳೊಳಗೆ ಆಡಿಟ್ ಮುಗಿಸಬೇಕು. ಆಸ್ತಿ ಹೊಣೆ ಶೆಡ್ಯೂಲ್ 8ರಲ್ಲಿ, ಆದಾಯ ವೆಚ್ಚ ಶೆಡ್ಯೂಲ್ 9ರಲ್ಲಿ. ಕಂಪನಿಯ ನಮೂನೆಯ ಬ್ಯಾಲೆನ್ಸ್ ಶೀಟ್ ಅಲ್ಲಿ ನಡೆಯುವುದಿಲ್ಲ.

ಅಲ್ಲಿ ನಿಜವಾದ ಗುಂಡಿ ಇರುವುದು ಟ್ರಸ್ಟಿಗಳ ಬದಲಾವಣೆಯಲ್ಲಿ. ಕಂಪನಿ ಫೌಂಡೇಶನ್ನುಗಳಲ್ಲಿ ಟ್ರಸ್ಟಿ ಎಂದರೆ ಹುದ್ದೆಯ ಜೊತೆ ಬರುವವರು. ಎಚ್‌ಆರ್ ಮುಖ್ಯಸ್ಥರು ಕೆಲಸ ಬಿಟ್ಟರು, ಹೊಸಬರು ಬಂದರು, ಟ್ರಸ್ಟಿಯೂ ಬದಲು. 90 ದಿನದೊಳಗೆ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಯಾರಿಗೂ ಹೊಳೆಯುವುದಿಲ್ಲ. ನನ್ನ ಬಳಿ ಬಂದ ಒಂದು ಫೌಂಡೇಶನ್ನಿನಲ್ಲಿ ಮೂವರು ಟ್ರಸ್ಟಿಗಳು ಬದಲಾಗಿ ವರ್ಷಗಳೇ ಕಳೆದಿದ್ದವು. ಸರ್ಕಾರಿ ದಾಖಲೆಯಲ್ಲಿ ಹಳಬರೇ ಕೂತಿದ್ದರು, ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಬ್ಯಾಂಕಿನವರು ಕೆವೈಸಿ ಕೇಳಿದ ದಿನ ಖಾತೆ ನಿಂತಿತು. ಮಕ್ಕಳ ಶುಲ್ಕ ಕಟ್ಟುವ ಜೂನ್ ತಿಂಗಳು ಅದು. ಕೈಯಲ್ಲಿ ದುಡ್ಡಿದ್ದೂ ಕೊಡಲಾಗದೆ ವರ್ಲಿಗೆ ಅಲೆದದ್ದು ಎಷ್ಟು ಸಲವೋ.

ಇನ್ನೊಂದು ಕಡೆ ಕಣ್ಣಿಡಿ. ನಿಮ್ಮ ಲೆಡ್ಜರಿನಲ್ಲಿ ಪುಸ್ತಕ ತುಂಬಲು ರಟ್ಟಿನ ಪೆಟ್ಟಿಗೆ ಕೊಂಡದ್ದಿದೆ, ಕೊಂಡದ್ದು ನಿಮ್ಮದೇ ಕಂಪನಿಯಿಂದ. ಟ್ರಸ್ಟ್ ಸ್ಥಾಪಿಸಿದವರಿಗೆ ಟ್ರಸ್ಟಿನ ದುಡ್ಡಿನಿಂದ ಲಾಭವಾದರೆ ಆದಾಯ ತೆರಿಗೆ ಕಾಯ್ದೆಯ 13ನೇ ಕಲಮು ಬರುತ್ತದೆ. ಆ ಮೊತ್ತಕ್ಕೆ ಶೇ. 30 ತೆರಿಗೆ, ಮೇಲೆ ಆ ಪೂರ್ತಿ ಮೊತ್ತದಷ್ಟೇ ದಂಡ. ಬಜಾರಿನ ದರಕ್ಕೇ ಕೊಂಡದ್ದಾದರೆ ಎರಡು ಬೇರೆ ಅಂಗಡಿಯ ಕೊಟೇಶನ್ ಫೈಲಿಗೆ ಹಚ್ಚಿ. ನನ್ನನ್ನು ಕೇಳಿದರೆ ಮುಂದಿನ ಸಲ ಹೊರಗೆ ಕೊಳ್ಳಿ ಎನ್ನುತ್ತೇನೆ. ನೌಕರರ ಮಕ್ಕಳಿಗಷ್ಟೇ ಸ್ಕಾಲರ್‌ಶಿಪ್ ಕೊಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಅದು ಸಿಎಸ್‌ಆರ್ ಆಗುವುದಿಲ್ಲ.

ಆಡಿಟ್ ವರದಿಗೆ ನಿಮಗೆ ಹತ್ತುವುದು 10ಬಿಬಿ. ಆದಾಯ 5 ಕೋಟಿ ದಾಟಿದರೆ, ವಿದೇಶಿ ದೇಣಿಗೆ ಬಂದಿದ್ದರೆ ಅಥವಾ ವಿದೇಶದಲ್ಲಿ ಖರ್ಚು ಮಾಡಿದ್ದರೆ 10ಬಿ. ಕೊನೆಯ ದಿನ ಸೆಪ್ಟೆಂಬರ್ 30. ಐಟಿಆರ್-7ಕ್ಕೆ ಅಕ್ಟೋಬರ್ 31. ಕೆಲವು ವರ್ಷ ಇಲಾಖೆ ದಿನ ಮುಂದೂಡುತ್ತದೆ, ಅದನ್ನು ನಂಬಿ ಕೂರಬೇಡಿ. ಹೊಸ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದದ್ದು 2026ರ ಏಪ್ರಿಲ್ 1ರಿಂದ. 2025-26ರ ಲೆಕ್ಕ 1961ರ ಕಾಯ್ದೆಯಲ್ಲೇ ಮುಗಿಯುತ್ತದೆ.

10ಬಿಬಿಯನ್ನು ಹೊರಗಿನವರು ಯಾರೂ ನೋಡುವುದಿಲ್ಲ ಎಂಬ ಧೈರ್ಯ ಕೆಲವರಿಗಿದೆ. ಅಮೆರಿಕದಲ್ಲಿ ಕಂಪನಿ ಫೌಂಡೇಶನ್ನುಗಳು ತುಂಬುವ 990-ಪಿಎಫ್ ಯಾರು ಬೇಕಾದರೂ ತೆಗೆದು ಓದಬಹುದಾದ ಕಾಗದ, ನಮ್ಮಲ್ಲಿ ಹಾಗಿಲ್ಲ ನಿಜ. ಆದರೆ ನಿಮ್ಮ ಕಂಪನಿ ತನ್ನ ಸಿಎಸ್‌ಆರ್ ಯೋಜನೆಗಳನ್ನು ತನ್ನದೇ ವೆಬ್‌ಸೈಟಿನಲ್ಲಿ ಹಾಕಬೇಕು, ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಸಿಎಸ್‌ಆರ್-2 ಫಾರ್ಮ್ ಸಲ್ಲಿಸಬೇಕು. ಅಲ್ಲಿ 1 ಕೋಟಿ, ಇಲ್ಲಿ 86 ಲಕ್ಷ ಎಂದಿದ್ದರೆ ಹೊಂದಿಸಿ ನೋಡಲು ದೊಡ್ಡ ಪಂಡಿತರು ಬೇಕಾಗಿಲ್ಲ.

ಪುಸ್ತಕ, ವೋಚರ್, ಒಪ್ಪಂದಗಳನ್ನು ಸಂಬಂಧಪಟ್ಟ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 10 ವರ್ಷ ಇಡಬೇಕು. ಮುಂಬೈ ಮಳೆಯಲ್ಲಿ ಹತ್ತು ವರ್ಷ ಕಾಗದ ಕಾಯುವುದು ಸಣ್ಣ ಮಾತಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾದ ನೆಲಮಹಡಿಯಲ್ಲಿದ್ದ ಒಂದು ಟ್ರಸ್ಟಿನ ವಹಿಗಳು ಕೆಸರಿನ ಮುದ್ದೆಯಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಮರುದಿನದಿಂದ ಫ್ಯಾನ್ ಹಾಕಿ ಒಂದೊಂದೇ ಹಾಳೆ ಒಣಗಿಸಿದೆವು. ಶಾಯಿ ಮಾತ್ರ ವಾಪಸ್ ಬರಲಿಲ್ಲ. ಎಲ್ಲ ಸ್ಕ್ಯಾನ್ ಮಾಡಿ, ಎರಡು ಕಡೆ ಇಡಿ.

ಸೋಮವಾರ ಆಫೀಸಿಗೆ ಹೋದ ಕೂಡಲೇ ಮಾಡಬೇಕಾದ ಕೆಲಸ ಒಂದಿದೆ. ಕಂಪನಿ ಸೆಕ್ರೆಟರಿಗೆ ಒಂದು ಮೇಲ್ ಬರೆಯಿರಿ: 14 ಲಕ್ಷ ಬಳಕೆಯಾಗಿಲ್ಲ, ಬೋರ್ಡ್ ಅದನ್ನು ಮುಂದುವರಿಯುವ ಯೋಜನೆ ಎಂದು ಗುರುತಿಸಿತ್ತೇ, ಲಿಖಿತ ಉತ್ತರ ಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಉತ್ತರ ಬಂದ ಮೇಲೆ ಒಪ್ಪಂದ ಪತ್ರದ ಪ್ರತಿ ಕಳುಹಿಸಿ, ವಾಪಸಾತಿಯ ಷರತ್ತು ಹೇಗಿದೆ ನೋಡಿ ಹೇಳುತ್ತೇನೆ.